ಮೇ ತಿಂಗಳ ಒಂದು ಭಾನುವಾರ, ಮತ್ತು ಉಳಿದ ಹದಿನಾರು ರೇಸ್‌ಗಳು

2016ರ ಮೇ 29. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಚಿತ್ರಾನ್ನ ಕಲಸಿ, ಮೊಸರನ್ನ ಡಬ್ಬಿಗೆ ಹಾಕಿ, ಕೂಲರ್‌ಗೆ ಐಸ್ ಸುರಿದು, ನಾನು, ನನ್ನ ಹೆಂಡತಿ, ಊರಿಂದ ಬಂದಿದ್ದ ಅಪ್ಪ ಮೂವರೂ ಕಾರು ಹತ್ತಿದೆವು. ನಾವಿರುವ ಇಂಡಿಯಾನಾದ ಕೊಲಂಬಸ್‌ನಿಂದ ಇಂಡಿಯಾನಾಪೊಲಿಸ್ ಮೋಟರ್ ಸ್ಪೀಡ್‌ವೇಗೆ ಒಂದು ಗಂಟೆ ದಾರಿ. ಅವತ್ತು ಮೂರು ಗಂಟೆ ಹಿಡಿಯಿತು. ಅದು ಅಲ್ಲಿ ನಡೆಯುವ 500 ಮೈಲಿಯ ಕಾರ್ ರೇಸ್, ನೂರನೇ ಇಂಡಿ 500. ಟಿಕೆಟ್ ಪೂರ್ತಿ ಮಾರಾಟವಾಗಿತ್ತು, ಒಳಗೆ ಸುಮಾರು ಮೂರೂವರೆ ಲಕ್ಷ ಜನ. ಈ ಸ್ಪೀಡ್‌ವೇಯಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಮನೆಯ ಊಟವನ್ನು ಒಳಗೆ ತಗೊಂಡು ಹೋಗಬಹುದು, ಯಾರೂ ತಡೆಯುವುದಿಲ್ಲ.

ಅಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದವರು. ಚಾರ್ಮಾಡಿ ಘಾಟಿಯಲ್ಲಿ ಎಷ್ಟೋ ವರ್ಷ ಬಸ್ ಇಳಿಸಿ ಹತ್ತಿಸಿದವರು. ಅವರಿಗೆ ಇದೆಲ್ಲ ಹಿಡಿಸುತ್ತದೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಮೊದಲ ಐವತ್ತು ಸುತ್ತು ಸುಮ್ನೆ ನೋಡಿದರು. ಆಮೇಲೆ ಪಿಟ್, ಅಂದರೆ ಕಾರುಗಳು ನಡುವೆ ಇಂಧನಕ್ಕೆ, ಟಯರ್‌ಗೆ ನಿಲ್ಲುವ ಜಾಗದ ಲೆಕ್ಕ ಕೇಳಲು ಶುರು ಮಾಡಿದರು. ಟ್ಯಾಂಕಿಗೆ ಎಷ್ಟು ಹಿಡಿಯುತ್ತದೆ, ಎಷ್ಟು ಸುತ್ತು ಬರುತ್ತದೆ, ಯಾವಾಗ ತುಂಬಿಸುತ್ತಾರೆ. ಕೊನೆಗೆ ಅಲೆಕ್ಸಾಂಡರ್ ರಾಸಿ ಎಂಬ ಹುಡುಗ, ಅದು ಅವನ ಮೊದಲ ಇಂಡಿ 500, ಕೊನೆಯ 36 ಸುತ್ತುಗಳನ್ನು ಒಂದೇ ಟ್ಯಾಂಕ್ ಇಂಧನದಲ್ಲಿ ಓಡಿಸಿದ. ಉಳಿದವರು ಒಬ್ಬೊಬ್ಬರಾಗಿ ಇಂಧನಕ್ಕೆಂದು ಪಿಟ್‌ಗೆ ಹೋದರು. ಕೊನೆಯ ಸುತ್ತಿನಲ್ಲಿ ರಾಸಿಯ ಕಾರು ನಿಧಾನವಾಗುತ್ತಾ ಬಂತು, ಇಂಧನ ಮುಗಿದೇ ಹೋಯಿತು, ಬಂದ ವೇಗದಲ್ಲೇ ಉರುಳಿಕೊಂಡು ಗೆರೆ ದಾಟಿ ಗೆದ್ದ. ಅಪ್ಪ ಎದ್ದು ನಿಂತು ನನ್ನ ಭುಜ ಹಿಡಿದು, "ಕೆಎಂಪಿಎಲ್ ಉಳಿಸಿ ಗೆದ್ದ ನೋಡೋ!" ಎಂದರು. ಡಿಪೋದಲ್ಲಿ ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಕೊಟ್ಟೆ ಎಂಬ ಲೆಕ್ಕಕ್ಕೆ ಹೇಳುವ ಮಾತದು. ರೇಸ್ ಅಂದರೆ ಬರೀ ವೇಗ ಅಲ್ಲ ಎಂದು ನಾನು ಅವರಿಗೆ ಹೇಳಬೇಕೆಂದಿದ್ದೆ, ಅವರೇ ನನಗೆ ಹೇಳಿದರು.

ವಾಪಸ್ ಬರುವಾಗ ಅವರು ಕೇಳಿದ್ದು ಒಂದೇ. "ಮುಂದಿನ ವಾರ ಎಲ್ಲಿ?"

ಡೆಟ್ರಾಯಿಟ್‌ನಲ್ಲಿ ಅಂದೆ. ಮುಂದಿನ ವಾರ ಟಿವಿಯಲ್ಲಿ ಹಾಕಿಕೊಟ್ಟೆ. ಪಕ್ಕದ ಮನೆಯ ಹಿರಿಯರನ್ನೂ ಕರೆದೆ, ಯಾಕೆಂದರೆ ಅವರು ನಲವತ್ತು ವರ್ಷಗಳಿಂದ ಒಂದು ಸಲವೂ ತಪ್ಪಿಸದೆ ಇಂಡಿ 500ಕ್ಕೆ ಹೋಗುತ್ತಿರುವವರು. ಅವರ ಅಪ್ಪ, ಅಜ್ಜ ಕೂಡ ಹೋಗುತ್ತಿದ್ದರಂತೆ. ಅವರು ಬಾಗಿಲಲ್ಲೇ ನಿಂತು, "ಇವತ್ತೂ ರೇಸ್ ಇದೆಯಾ?" ಎಂದರು. ನಿಜವಾಗಿಯೂ ಗೊತ್ತಿರಲಿಲ್ಲ ಅವರಿಗೆ. ಹಿಂದಿನ ಭಾನುವಾರ ಗೆದ್ದ ರಾಸಿಯ ಹೆಸರು ನೆನಪಿತ್ತು, ಆದರೆ ಅವನು ಇಡೀ ಸೀಸನ್ ಓಡಿಸುತ್ತಾನೆ, ಅದಕ್ಕೊಂದು ಚಾಂಪಿಯನ್‌ಶಿಪ್ ಇದೆ ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ.

ಅಮೆರಿಕದ ಓಪನ್ ವೀಲ್ ರೇಸಿಂಗ್‌ನ ಭವಿಷ್ಯದ ಬಗ್ಗೆ ಯಾರು ಏನು ಬರೆದರೂ ನನಗೆ ಮೊದಲು ನೆನಪಾಗುವುದು ಆ ಬಾಗಿಲು, ಆ ಪ್ರಶ್ನೆ.

ನಮ್ಮೂರಲ್ಲಿ, ತರೀಕೆರೆ ಹತ್ತಿರದ ಹಳ್ಳಿ, ಜಾತ್ರೆಯ ದಿನ ತೇರು ಎಳೆಯಲು ಹಗ್ಗಕ್ಕೆ ಕೈ ಹಾಕಲೂ ಜಾಗ ಸಿಗುವುದಿಲ್ಲ. ಬೆಂಗಳೂರಿಂದ, ಮುಂಬೈಯಿಂದೆಲ್ಲ ಬರುತ್ತಾರೆ. ಹದಿನೈದು ದಿನ ಬಿಟ್ಟು ಹೋಗಿ ನೋಡಿ, ದೇವಸ್ಥಾನದಲ್ಲಿ ಅರ್ಚಕರು, ಎಣ್ಣೆ ತಂದ ಒಂದಿಬ್ಬರು, ಅಷ್ಟೇ. ಇಂಡಿಕಾರ್, ಅಂದರೆ ಇಂಡಿ 500 ಕೂಡ ಸೇರಿರುವ ಇಡೀ ಸೀಸನ್‌ನ ಸರಣಿ, ಹಾಗಾಗಿದೆ. 2025ರಲ್ಲಿ ಫಾಕ್ಸ್ ವಾಹಿನಿಗೆ ಬಂದ ಮೊದಲ ವರ್ಷ ಇಂಡಿ 500 ಅನ್ನು ಸುಮಾರು 70 ಲಕ್ಷ ಜನ ಟಿವಿಯಲ್ಲಿ ನೋಡಿದರು. ಹದಿನೇಳು ವರ್ಷಗಳಲ್ಲೇ ಜಾಸ್ತಿ. ಮುಂದಿನ ಭಾನುವಾರ ಅದೇ ವಾಹಿನಿ, ಅದೇ ಡ್ರೈವರ್‌ಗಳು, ಡೆಟ್ರಾಯಿಟ್. ನೋಡಿದವರು ಸುಮಾರು 10 ಲಕ್ಷ. ಒಂದೇ ವಾರದಲ್ಲಿ 60 ಲಕ್ಷ ಜನ ಎದ್ದು ಹೋದರು! ಆ ವರ್ಷ ಒಟ್ಟು 17 ರೇಸ್ ಇದ್ದವು. ಮಿಕ್ಕ ಹದಿನಾರಕ್ಕೆ ಜನ ಬರುತ್ತಾರಾ ಎಂಬುದೇ ನನ್ನ ಮಟ್ಟಿಗೆ ಇಡೀ ಪ್ರಶ್ನೆ. ಎಂಜಿನ್, ಕಾರು, ಮಾಲೀಕರು, ಎಲ್ಲವೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಓಪನ್ ವೀಲ್ ಅಂದರೆ ಚಕ್ರಗಳು ಬಾಡಿಯ ಹೊರಗೆ, ಮುಚ್ಚಿಗೆ ಇಲ್ಲದೆ ಕಾಣುವ, ಒಬ್ಬರೇ ಕೂರುವ ರೇಸ್ ಕಾರು. ಫಾರ್ಮುಲಾ 1 ಕೂಡ ಅದೇ ಜಾತಿ. ಅಮೆರಿಕದ್ದು ಬೇರೆಯಾಗುವುದು ಓವಲ್‌ನಲ್ಲಿ, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕ್‌ನಲ್ಲಿ. ಇಂಡಿಯಾನಾಪೊಲಿಸ್‌ನದು ಎರಡೂವರೆ ಮೈಲಿಯ ಟ್ರ್ಯಾಕ್, ಎಲ್ಲ ತಿರುವೂ ಎಡಕ್ಕೆ, 200 ಸುತ್ತು, 33 ಕಾರು. ಅರ್ಹತಾ ಸುತ್ತಿನಲ್ಲಿ ಗಂಟೆಗೆ 230 ಮೈಲಿ ದಾಟುತ್ತವೆ, ಅಂದರೆ 370 ಕಿಲೋಮೀಟರ್. ಮೊದಲ ರೇಸ್ 1911ರಲ್ಲಿ, ಗೆದ್ದವರು ರೇ ಹ್ಯಾರೌನ್. ಅವತ್ತು ಅವರ ಕಾರಿನಲ್ಲಿ ಹಿಂದೆ ಬರುವವರನ್ನು ನೋಡಲು ಒಂದು ಕನ್ನಡಿ ಇತ್ತು. ನಾವಿರುವ ಕೊಲಂಬಸ್ ಕಮ್ಮಿನ್ಸ್ ಎಂಜಿನ್‌ನ ಊರು. ಅವರ ಡೀಸೆಲ್ ಕಾರು 1952ರಲ್ಲಿ ಇಲ್ಲಿ ಎಲ್ಲರಿಗಿಂತ ಜೋರಾಗಿ ಓಡಿ ಮೊದಲ ಸ್ಥಾನದಿಂದ ರೇಸ್ ಶುರು ಮಾಡಿತ್ತು. ಇಂಡಿಗೆ ಟರ್ಬೋ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ, ಹಾಕಿಕೊಂಡು ಬಂದ ಮೊದಲ ಕಾರು ಅದು. ಅದರ ಟರ್ಬೋಗೆ ಗಾಳಿ ಎಳೆಯುವ ಬಾಯಿಗೆ ಟ್ರ್ಯಾಕ್ ಮೇಲಿನ ಟಯರ್ ಚೂರು ಸೇರಿ ಕಟ್ಟಿಕೊಂಡು ನಡುವೆಯೇ ನಿಂತುಹೋಯಿತು. ಆ ಕಾಲದಲ್ಲಿ ಹೊಸದೊಂದು ಐಡಿಯಾ ಇದ್ದವರು ಅದನ್ನು ಇಂಡಿಗೆ ತಂದು ಓಡಿಸಿ ನೋಡುತ್ತಿದ್ದರು. ಅದೇ ಅಲ್ಲಿನ ಸೊಗಸು.

ಇಷ್ಟೆಲ್ಲ ಇದ್ದದ್ದು ಇವತ್ತಿನ ಸ್ಥಿತಿಗೆ ಬಂದದ್ದು ಹೇಗೆ? ಹೊರಗಿನವರು ಯಾರೂ ಹಾಳು ಮಾಡಲಿಲ್ಲ. ಮನೆ ಪಾಲಾಯಿತು.

1979ರಿಂದ ಈ ರೇಸ್‌ಗಳನ್ನು ನಡೆಸುತ್ತಿದ್ದದ್ದು ತಂಡದ ಮಾಲೀಕರೇ ಸೇರಿ ಕಟ್ಟಿದ ಕಾರ್ಟ್ ಎಂಬ ಸಂಸ್ಥೆ. ತೊಂಬತ್ತರ ದಶಕದ ಆರಂಭ ಅದರ ಒಳ್ಳೆಯ ಕಾಲ. ನೈಜಲ್ ಮ್ಯಾನ್ಸೆಲ್ 1992ರಲ್ಲಿ ಫಾರ್ಮುಲಾ 1 ಚಾಂಪಿಯನ್ ಆಗಿ, ಅಲ್ಲಿಂದ ನೇರ ಅಮೆರಿಕಕ್ಕೆ ಬಂದು 1993ರಲ್ಲಿ ಇಲ್ಲೂ ಚಾಂಪಿಯನ್ ಆದರು. ಫಾರ್ಮುಲಾ 1 ಚಾಂಪಿಯನ್ ಒಬ್ಬರು ಈ ಕಡೆ ಬರುತ್ತಿದ್ದ ಕಾಲ! ಆದರೆ ಇಂಡಿಯಾನಾಪೊಲಿಸ್ ಟ್ರ್ಯಾಕ್ ಹಲ್ಮನ್ ಕುಟುಂಬದ ಕೈಯಲ್ಲಿತ್ತು. ಆ ಕುಟುಂಬದ ಟೋನಿ ಜಾರ್ಜ್, ಖರ್ಚು ಜಾಸ್ತಿಯಾಗಿದೆ, ಓವಲ್‌ಗಳು ಕಮ್ಮಿಯಾಗಿವೆ, ಅಮೆರಿಕದ ಹುಡುಗರಿಗೆ ಜಾಗ ಸಿಗುತ್ತಿಲ್ಲ ಎಂದು ಇಂಡಿ ರೇಸಿಂಗ್ ಲೀಗ್ ಎಂಬ ಬೇರೆ ಸರಣಿ ಮಾಡಿದರು. ಅವರು ಹೇಳಿದ್ದರಲ್ಲಿ ಸತ್ಯವೂ ಇತ್ತು. ಇದನ್ನು ಒಪ್ಪದೆ ಆ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. ಜೆಫ್ ಗಾರ್ಡನ್‌ನಂಥ ಹುಡುಗ ಇಂಡಿಯಾನಾದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಓಡಿಸಿ ಬೆಳೆದು ಕೊನೆಗೆ ಹೋದದ್ದು ನ್ಯಾಸ್ಕಾರ್‌ಗೆ, ಅಂದರೆ ಚಕ್ರ ಮುಚ್ಚಿದ ಕಾರುಗಳ ಬೇರೆ ಸರಣಿಗೆ. ಆದರೆ 1996ರ ಇಂಡಿ 500ರಲ್ಲಿ 33ರಲ್ಲಿ 25 ಜಾಗ ತನ್ನ ಲೀಗ್‌ನವರಿಗೇ ಎಂದು ಟೋನಿ ಜಾರ್ಜ್ ನಿಯಮ ಮಾಡಿದ ದಿನ ರಾಜಿಯ ದಾರಿ ಮುಚ್ಚಿತು. ಕಾರ್ಟ್‌ನವರು ಇಂಡಿ 500 ನಡೆದ ದಿನವೇ, 1996ರ ಮೇ 26ರಂದು, ಮಿಶಿಗನ್‌ನಲ್ಲಿ ತಮ್ಮದೇ ಒಂದು 500 ಮೈಲಿ ರೇಸ್ ಇಟ್ಟರು. ದೊಡ್ಡ ಹೆಸರುಗಳೆಲ್ಲ ಅಲ್ಲಿ, ದೊಡ್ಡ ಟ್ರ್ಯಾಕ್ ಇಲ್ಲಿ. ಅಣ್ಣನಿಗೆ ಬಾವಿ, ತಮ್ಮನಿಗೆ ತೋಟ ಅಂತ ಪಾಲು ಮಾಡಿದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹನ್ನೆರಡು ವರ್ಷ ಎರಡು ಮನೆಯಾಗಿಯೇ ನಡೆಯಿತು. ಕಾರ್ಟ್ ದಿವಾಳಿಯಾಯಿತು, ಚಾಂಪ್ ಕಾರ್ ಎಂದು ಹೆಸರು ಬದಲಿಸಿಕೊಂಡು ಕೆಲ ವರ್ಷ ಉಸಿರಾಡಿತು, 2008ರಲ್ಲಿ ಎರಡೂ ಒಂದಾದವು. ಅಷ್ಟರಲ್ಲಿ ಪ್ರಾಯೋಜಕರು, ಟಿವಿ ನೋಡುವವರು, ಒಂದು ಇಡೀ ತಲೆಮಾರಿನ ಮಕ್ಕಳು ನ್ಯಾಸ್ಕಾರ್ ಕಡೆ ಹೋಗಿಯಾಗಿತ್ತು. ನಮ್ಮೂರು ಕೊಲಂಬಸ್‌ನಲ್ಲೇ ಹುಟ್ಟಿದ ಟೋನಿ ಸ್ಟೀವರ್ಟ್ ಟೋನಿ ಜಾರ್ಜ್ ಅವರ ಲೀಗ್‌ನಲ್ಲೇ ಚಾಂಪಿಯನ್ ಆದರು. ಇಂಥ ಹುಡುಗರಿಗೆಂದೇ ಕಟ್ಟಿದ ಲೀಗ್ ಅದು. ಎರಡು ವರ್ಷದಲ್ಲಿ ಅವರೂ ನ್ಯಾಸ್ಕಾರ್‌ಗೆ ಹೋದರು. ಈ ವಿಷಯ ಬರೆಯುವಾಗ ನನಗೆ ಈಗಲೂ ಬೇಸರವಾಗುತ್ತದೆ.

ಈಗ ಯಜಮಾನ ಒಬ್ಬರೇ. ರೋಜರ್ ಪೆನ್ಸ್ಕಿ. ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ, 1951ರಲ್ಲಿ, ಅಪ್ಪನ ಜೊತೆ ಮೊದಲ ಸಲ ಇಂಡಿ 500 ನೋಡಿದವರು. ಅವರ ತಂಡ ಇಲ್ಲಿ 20 ಸಲ ಗೆದ್ದಿದೆ. 2019ರ ನವೆಂಬರ್‌ನಲ್ಲಿ ಅವರು ಟ್ರ್ಯಾಕನ್ನೂ ಸರಣಿಯನ್ನೂ ಹಲ್ಮನ್ ಕುಟುಂಬದಿಂದ ಕೊಳ್ಳುವುದಾಗಿ ಘೋಷಿಸಿದರು. ಕೆಲವೇ ತಿಂಗಳಲ್ಲಿ ಕೋವಿಡ್ ಬಂತು. 2020ರ ರೇಸ್ ಆಗಸ್ಟ್‌ನಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದೆ ನಡೆಯಿತು. ಆ ವರ್ಷ ಪೆನ್ಸ್ಕಿಯಂಥ ಗಟ್ಟಿ ಕುಳ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಭಯವಾಗುತ್ತದೆ. ಅವರ ಋಣ ದೊಡ್ಡದು.

ಆದರೂ ಒಂದು ಮಾತು ಹೇಳಲೇಬೇಕು. ಪಂದ್ಯ ಆಡಿಸುವವರದೇ ಮೈದಾನ, ಆಡುವ ತಂಡವೂ ಅವರದೇ, ಅಂಪೈರ್‌ಗೆ ಸಂಬಳ ಕೊಡುವವರೂ ಅವರೇ ಆದರೆ ನೋಡುವವರಿಗೆ ನಂಬಿಕೆ ಹೇಗೆ ಬರಬೇಕು? 2024ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮೊದಲ ರೇಸ್‌ನಲ್ಲಿ ಪೆನ್ಸ್ಕಿ ತಂಡದ ಜೋಸೆಫ್ ನ್ಯೂಗಾರ್ಡನ್ ಗೆದ್ದರು. ಹೆಚ್ಚುವರಿ ಶಕ್ತಿ ಕೊಡುವ ಗುಂಡಿಯನ್ನು ಬಳಸಬಾರದ ಹೊತ್ತಿನಲ್ಲೂ ಅವರ ಕಾರಿನಲ್ಲಿ ಅದು ಕೆಲಸ ಮಾಡುತ್ತಿತ್ತು ಎಂದು ವಾರಗಳ ಮೇಲೆ ಗೊತ್ತಾಗಿ ಗೆಲುವನ್ನು ಕಿತ್ತುಕೊಂಡರು. 2025ರ ಮೇ ತಿಂಗಳಲ್ಲಿ ಮತ್ತೆ. ಅಪಘಾತದಲ್ಲಿ ಹೊಡೆತ ತಡೆಯಲೆಂದು ಕಾರಿನ ಹಿಂಬದಿಗೆ ಹಾಕುವ ಭಾಗವನ್ನು ಯಾರೂ ಮುಟ್ಟುವಂತಿಲ್ಲ, ಎಲ್ಲರಿಗೂ ಒಂದೇ. ಪೆನ್ಸ್ಕಿಯ ಎರಡು ಕಾರುಗಳಲ್ಲಿ ಅದರ ಸಂದುಗಳನ್ನು ತುಂಬಿ ನುಣ್ಣಗೆ ಮಾಡಿದ್ದರು. ನ್ಯೂಗಾರ್ಡನ್ ಮತ್ತು ವಿಲ್ ಪವರ್ ಇಬ್ಬರನ್ನೂ ಸಾಲಿನ ಕೊನೆಗೆ ಕಳಿಸಿದರು. ತಂಡದ ಅಧ್ಯಕ್ಷ ಟಿಮ್ ಸಿಂಡ್ರಿಕ್ ಸೇರಿ ಮೂವರು ಹಿರಿಯರನ್ನು ಪೆನ್ಸ್ಕಿ ತೆಗೆದುಹಾಕಿದರು. ದಶಕಗಳ ಕಾಲ ಜೊತೆಗಿದ್ದವರನ್ನು ಕಳಿಸುವುದು ಸುಲಭವಲ್ಲ, ಮಾಡಿದರು. ಈಗ ತೀರ್ಪು ಕೊಡುವ ಕೆಲಸವನ್ನು 2026ರಿಂದ ಪ್ರತ್ಯೇಕ ಸಂಸ್ಥೆಗೆ ಬಿಡುವ ನಿರ್ಧಾರವೂ ಆಗಿದೆ. ಇದನ್ನು 2020ರಲ್ಲೇ ಮಾಡಬೇಕಿತ್ತು, ಅಲ್ವಾ?

ಪೆನ್ಸ್ಕಿ ಹುಟ್ಟಿದ್ದು 1937ರಲ್ಲಿ. ಅವರ ನಂತರ ಯಾರು ಎಂಬ ಪ್ರಶ್ನೆಯನ್ನು ಎಲ್ಲರೂ ಮೆಲ್ಲಗೆ ಕೇಳುತ್ತಾರೆ. 2025ರ ಜುಲೈ ಕೊನೆಯಲ್ಲಿ ಫಾಕ್ಸ್ ಕಂಪನಿ, ಟ್ರ್ಯಾಕ್ ಮತ್ತು ಸರಣಿ ಎರಡನ್ನೂ ಹೊಂದಿರುವ ಪೆನ್ಸ್ಕಿ ಎಂಟರ್‌ಟೈನ್‌ಮೆಂಟ್‌ನ ಮೂರನೇ ಒಂದು ಪಾಲು ಕೊಂಡಿತು. ನನಗೆ ಇದರಿಂದ ಸಮಾಧಾನವಾಯಿತು. ರೇಸ್ ತೋರಿಸುವವರಿಗೇ ಅದರಲ್ಲಿ ಪಾಲು ಇದ್ದರೆ ಉಳಿದ ಹದಿನಾರು ರೇಸ್ ಬೆಳೆಯುವುದು ಅವರಿಗೂ ಬೇಕಾಗುತ್ತದೆ.

ಇನ್ನು ಕಾರಿನ ಮಾತು. ಇಲ್ಲಿ ನನ್ನ ಮನಸ್ಸು ಸ್ವಲ್ಪ ಭಾರವಾಗುತ್ತದೆ. ಎಲ್ಲ ತಂಡಗಳೂ ಓಡಿಸುವುದು ಇಟಲಿಯ ಡಲ್ಲಾರಾ ಕಂಪನಿ ಮಾಡಿದ ಒಂದೇ ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ಡಿಡಬ್ಲ್ಯು12. ಆ ಅಕ್ಷರಗಳು ಡ್ಯಾನ್ ವೆಲ್ಡನ್ ಹೆಸರಿನವು. 2011ರಲ್ಲಿ ಈ ಕಾರನ್ನು ಪರೀಕ್ಷೆ ಮಾಡಿ ಓಡಿಸುತ್ತಿದ್ದವರು ಅವರೇ. ಆ ವರ್ಷದ ಇಂಡಿ 500 ಗೆದ್ದರು. ಅಕ್ಟೋಬರ್ 16ರಂದು ಲಾಸ್ ವೇಗಸ್‌ನಲ್ಲಿ, ಹಳೆಯ ಮಾದರಿಯ ಕಾರಿನಲ್ಲಿ, ಹದಿನೈದು ಕಾರುಗಳ ಅಪಘಾತದಲ್ಲಿ ತೀರಿಕೊಂಡರು. ಇನ್ನಷ್ಟು ಸುರಕ್ಷಿತವಾಗಿರಲೆಂದು ಮಾಡಿದ ಹೊಸ ಕಾರು 2012ರಲ್ಲಿ ಅವರ ಹೆಸರು ಹೊತ್ತು ಬಂತು. 2015ರಲ್ಲಿ ಪೊಕೊನೊದಲ್ಲಿ ಬೇರೆ ಕಾರಿನಿಂದ ಹಾರಿಬಂದ ಚೂರು ತಲೆಗೆ ಬಡಿದು ಜಸ್ಟಿನ್ ವಿಲ್ಸನ್ ಹೋದರು. 2020ರಲ್ಲಿ ಡ್ರೈವರ್ ಮುಂದೆ ಏರೋಸ್ಕ್ರೀನ್ ಎಂಬ ಗಟ್ಟಿ ಗಾಜಿನಂಥ ತಡೆ ಬಂತು. 2024ರಲ್ಲಿ ಎಂಜಿನ್ ಜೊತೆಗೆ ವಿದ್ಯುತ್ ಶಕ್ತಿಯನ್ನೂ ಬಳಸುವ ಹೈಬ್ರಿಡ್ ವ್ಯವಸ್ಥೆ ಸೇರಿತು. ಒಂದೊಂದೂ ಬೇಕಾದದ್ದೇ. ಆದರೆ ಒಂದೊಂದಕ್ಕೂ ತೂಕ ಇದೆ, ಮತ್ತು ಎಲ್ಲವನ್ನೂ ಹೊತ್ತಿರುವುದು 2012ರ ಅದೇ ಚಾಸಿ. ಕಾರು ಭಾರವಾಗಿದೆ, ಮುಂದಿನವರನ್ನು ದಾಟುವುದು ಕಷ್ಟವಾಗಿದೆ. ಹೊಸ ಕಾರು, 2.4 ಲೀಟರ್ ವಿ6 ಎಂಜಿನ್ ಜೊತೆ, 2028ಕ್ಕೆ ಎಂದಿದ್ದಾರೆ. ಆ ಹೊಸ ಕಾರಿಗೆ ನಾನು ಕಾಯುವಷ್ಟು ಯಾವುದಕ್ಕೂ ಕಾದಿಲ್ಲ.

ಎಂಜಿನ್ ಕೊಡುವವರು ಇಬ್ಬರೇ, ಹೋಂಡಾ ಮತ್ತು ಷೆವರ್ಲೆ. 2012ರಲ್ಲಿ ಲೋಟಸ್ ಒಂದೇ ವರ್ಷ ಬಂದು ಹೋಯಿತು, ಆಮೇಲೆ ಮೂರನೆಯವರೇ ಇಲ್ಲ. 2023ರ ಕೊನೆಯಲ್ಲಿ ಅಮೆರಿಕದ ಹೋಂಡಾದವರು, ಖರ್ಚು ಇಳಿಯದಿದ್ದರೆ 2026ರ ನಂತರ ಮುಂದುವರಿಯುವುದು ಕಷ್ಟ ಎಂಬ ಮಾತನ್ನು ಬಾಯಿಬಿಟ್ಟೇ ಹೇಳಿದ್ದರು. ಆ ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಎರಡು ಕಾಲಿನ ಮೇಲೆ ನಿಂತವನು ಒಂದು ಕಾಲು ಎತ್ತಿದರೆ ಎಷ್ಟು ಹೊತ್ತು ನಿಂತಾನು?

ಇನ್ನೊಂದು ಕಡೆಯಿಂದ ಫಾರ್ಮುಲಾ 1 ಎಳೆಯುತ್ತಿದೆ. ಆಸ್ಟಿನ್, ಮಯಾಮಿ, ಲಾಸ್ ವೇಗಸ್, ಅಮೆರಿಕದಲ್ಲೇ ಈಗ ಅವರದು ಮೂರು ರೇಸ್. ನನ್ನ ಮಗಳ ಕ್ಲಾಸಿನ ಮಕ್ಕಳಿಗೆ ಆ ಡ್ರೈವರ್‌ಗಳ ಹೆಸರು ಬಾಯಿಪಾಠ. ಇಂಡಿಯಾನಾಪೊಲಿಸ್‌ನಿಂದ ಒಂದು ಗಂಟೆ ದೂರದ ಶಾಲೆಯಲ್ಲಿ ಅಲೆಕ್ಸ್ ಪಾಲೋ ಹೆಸರು ಕೇಳಿದರೆ ಒಂದಿಬ್ಬರು ಕೈ ಎತ್ತುತ್ತಾರೆ. ಪಾಲೋ 2021, 2023, 2024, 2025 ನಾಲ್ಕು ಸಲ ಚಾಂಪಿಯನ್. 2025ರಲ್ಲಿ ಎಂಟು ರೇಸ್ ಗೆದ್ದರು, ಇಂಡಿ 500 ಗೆದ್ದ ಮೊದಲ ಸ್ಪೇನ್ ದೇಶದವರೂ ಆದರು. ಇಂಥ ಓಟಗಾರ ನಮ್ಮ ಕಣ್ಣ ಮುಂದೆ ಇರುವಾಗ ಅಕ್ಕಪಕ್ಕದ ಮಕ್ಕಳಿಗೇ ಗೊತ್ತಿಲ್ಲ.

ಕೋಲ್ಟನ್ ಹರ್ಟಾ ಹೋದದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಅಪ್ಪ ಮೆಚ್ಚಿದ ರಾಸಿಯ ಆ ಗೆಲುವಿನ ಹಿಂದೆ ಇಂಧನದ ಲೆಕ್ಕ ಹಾಕಿ ರೇಡಿಯೋದಲ್ಲಿ ಹೇಳುತ್ತಿದ್ದವರು ಬ್ರಯಾನ್ ಹರ್ಟಾ. ಅವರ ಮಗ ಕೋಲ್ಟನ್. 2019ರಲ್ಲಿ ಆಸ್ಟಿನ್‌ನಲ್ಲಿ ಗೆದ್ದಾಗ ಅವನಿಗೆ ಇನ್ನೂ ಹದಿನೆಂಟು, ಇಂಡಿಕಾರ್ ಗೆದ್ದವರಲ್ಲೇ ಚಿಕ್ಕವನು. 2024ರಲ್ಲಿ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನ. ಈಗ ಕ್ಯಾಡಿಲಾಕ್ ಫಾರ್ಮುಲಾ 1 ತಂಡದ ಕನಸು ಹಿಡಿದು, ಯುರೋಪಿನ ಫಾರ್ಮುಲಾ 2ರಲ್ಲಿ ಓಡಿಸಲು ಹೊರಟಿದ್ದಾನೆ. ಫಾರ್ಮುಲಾ 1 ಲೈಸೆನ್ಸ್‌ಗೆ 40 ಅಂಕ ಬೇಕು. ಫಾರ್ಮುಲಾ 2ರಲ್ಲಿ ಮೂರನೆಯವನಾದರೂ 40 ಸಿಗುತ್ತದೆ, ಇಂಡಿಕಾರ್‌ನಲ್ಲಿ ಎರಡನೆಯವನಾದವನಿಗೆ ಸಿಕ್ಕಿದ್ದು 30. ಇಪ್ಪತ್ತೈದು ವರ್ಷದ, ಎಷ್ಟೋ ರೇಸ್ ಗೆದ್ದ ಹುಡುಗ ಕಲಿಯುವವರ ಸಾಲಿನಲ್ಲಿ ಮತ್ತೆ ಹೋಗಿ ನಿಲ್ಲಬೇಕು. ಹುಡುಗನದು ತಪ್ಪಿಲ್ಲ. ಒಳ್ಳೆಯದಾಗಲಿ. ಆದರೆ 1993ರಲ್ಲಿ ಮ್ಯಾನ್ಸೆಲ್ ಬಂದ ದಾರಿಯಲ್ಲಿ ಈಗ ನಮ್ಮ ಹುಡುಗರು ಹೊರಗೆ ಹೋಗುತ್ತಿದ್ದಾರೆ.

ಏನು ಮಾಡಬೇಕು ಅಂದರೆ ನನ್ನ ಉತ್ತರ ಹೊಸದೇನಲ್ಲ. ಓವಲ್‌ಗಳನ್ನು ಬಿಡಬೇಡಿ. ಟೆಕ್ಸಸ್ ಓವಲ್ 2023ರ ನಂತರ ಹೋಯಿತು. ಐಯೋವಾಗೆ ಒಬ್ಬ ದೊಡ್ಡ ಪ್ರಾಯೋಜಕರಿದ್ದಾಗ ಸಂಗೀತ ಕಾರ್ಯಕ್ರಮ ಇಟ್ಟು ಜನ ತುಂಬಿದ್ದರು, ಅವರು ಹಿಂದೆ ಸರಿದ ವರ್ಷ ಗ್ಯಾಲರಿ ಖಾಲಿ ಹೊಡೆಯಿತು, 2026ರ ಪಟ್ಟಿಯಲ್ಲಿ ಐಯೋವಾ ಇಲ್ಲ. ಹಾಡು ಕೇಳಲು ಬಂದವರು ಹಾಡಿನ ಜೊತೆಗೇ ಹೋದರು. ಮಿಲ್ವಾಕಿಯ ಹಳೆಯ ಓವಲ್ 2024ರಲ್ಲಿ ಮತ್ತೆ ಶುರುವಾದದ್ದು ಒಳ್ಳೆಯದಾಯಿತು. ಅಂಥ ಕಡೆ ಮೂರು ವರ್ಷ, ಐದು ವರ್ಷ ನಷ್ಟವಾದರೂ ತಾಳಿಕೊಂಡು ನಡೆಸಬೇಕು. ಗಿಡ ನೆಟ್ಟು ಮರುವರ್ಷ ಕಾಯಿ ಬಿಡಲಿಲ್ಲ ಎಂದು ಕಿತ್ತರೆ ಹೇಗೆ? ಮತ್ತೆ, ಆಗಸ್ಟ್ ಕೊನೆಗೆ ಸೀಸನ್ ಮುಗಿಸಿ ಮಾರ್ಚ್‌ವರೆಗೆ ಆರು ತಿಂಗಳು ಸುಮ್ಮನಿದ್ದರೆ ಜನ ಮರೆಯುತ್ತಾರೆ. ಅಮೆರಿಕನ್ ಫುಟ್‌ಬಾಲ್ ಎದುರು ನಿಲ್ಲಲು ಹೆದರಿಕೆ ಇರುವುದು ನನಗೂ ಅರ್ಥವಾಗುತ್ತದೆ. ಆದರೂ ಆರು ತಿಂಗಳು ತುಂಬಾ ಜಾಸ್ತಿ.

2024ರ ಜುಲೈನಲ್ಲಿ ಹೈಬ್ರಿಡ್ ಕಾರುಗಳು ಮೊದಲ ಸಲ ಓಡುವುದು ಮಿಡ್-ಒಹಾಯೋದಲ್ಲಿ ಎಂದು ಗೊತ್ತಾದಾಗ ನಾನು ಪಕ್ಕದ ಮನೆಯ ಹಿರಿಯರ ಬಾಗಿಲಿಗೆ ಹೋದೆ. ನಾಲ್ಕು ಗಂಟೆ ದಾರಿ, ಬನ್ನಿ, ನಾನೇ ಓಡಿಸುತ್ತೇನೆ ಅಂದೆ. ಅಷ್ಟು ವರ್ಷ ಇಂಡಿ 500 ನೋಡಿದವರು ಇಂಡಿಕಾರ್ ಬಲಕ್ಕೆ ತಿರುಗುವುದನ್ನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಅಲ್ಲಿ ಹುಲ್ಲಿನ ದಿಬ್ಬದ ಮೇಲೆ ಕುರ್ಚಿ ಹಾಕಿಕೊಂಡು ಕೂರಬಹುದು. ರೇಸ್ ಶುರುವಾಗುವ ಮೊದಲೇ ಸ್ಕಾಟ್ ಡಿಕ್ಸನ್‌ರ ಕಾರು ಹೈಬ್ರಿಡ್ ತೊಂದರೆಯಿಂದ ನಿಂತುಹೋಯಿತು, ನನ್ನ ಎದೆ ಧಸಕ್ಕೆಂದಿತು. ಆದರೆ ಕೊನೆಯ ಸುತ್ತುಗಳಲ್ಲಿ ಪಾಲೋ ಹಿಂದಿನಿಂದ ಒತ್ತುತ್ತಾ ಬಂದರು, ಪಾಟೊ ಓವರ್ಡ್ ಜಾಗ ಬಿಡಲೇ ಇಲ್ಲ, ಅರ್ಧ ಸೆಕೆಂಡ್ ಅಂತರದಲ್ಲಿ ಗೆದ್ದರು. ಹಿರಿಯರು ಕುರ್ಚಿ ಬಿಟ್ಟು ಬೇಲಿಯ ಹತ್ತಿರ ಹೋಗಿ ನಿಂತಿದ್ದರು. ಟೋಪಿ ಕೈಯಲ್ಲಿತ್ತು.

ಮೊನ್ನೆ ಮುಂದಿನ ಮಿಡ್-ಒಹಾಯೋಗೆ ಇಬ್ಬರಿಗೂ ಟಿಕೆಟ್ ತೆಗೆಯುತ್ತೇನೆ ಎಂದು ಅವರಿಗೆ ಹೇಳಿದೆ. ಮೂರು ತೆಗಿ ಅಂದರು. ಮೊಮ್ಮಗನೂ ಬರುತ್ತಾನಂತೆ.